ಸಾಂಸ್ಥಿಕ ಅಭಿವೃದ್ಧಿ ಸಲಹೆಗಾರರು: ಸೇವಾ ಸಹಕಾರಿ ಸಂಘಗಳ ಸದಸ್ಯರಿಗೆ ಒಂದು ವಿವರಣೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಭೈರುಂಬೆಯು ಶಿರಸಿ–ಯಲ್ಲಾಪುರ ಮಾರ್ಗದಲ್ಲಿ ಅಡಿಕೆ ತೋಟಗಳ ನಡುವೆ ನೆಲೆಸಿರುವ ಗ್ರಾಮವಾಗಿದೆ. ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೆ ಹೋಗುವ ಯಾತ್ರಿಕರು ಬಸ್ಸಿನಿಂದ ಇಳಿಯುವ ಹುಳಗೋಳವೂ ಇದೇ ಭಾಗದಲ್ಲಿದೆ. ಹುಳಗೋಳ ಸೇವಾ ಸಹಕಾರಿ ಸಂಘವು ಭೈರುಂಬೆಯಲ್ಲಿ ಕಾರ್ಯನಿರ್ವಹಿಸುತ್ತಿದ್ದು, ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಉದ್ದಗಲಕ್ಕೂ ಇಂತಹ ಸಂಘಗಳು ಹರಡಿಕೊಂಡಿವೆ. ಈ ಭಾಗದ ಕೃಷಿಕ ಕುಟುಂಬವೊಂದರ ವರ್ಷವಿಡೀ ವ್ಯವಹಾರವನ್ನು ಗಮನಿಸಿದರೆ ಅದರ ಬಹುಪಾಲು ಸಂಘದ ಮೂಲಕವೇ ಸಾಗುವುದು ಕಂಡುಬರುತ್ತದೆ. ಬೆಳೆಸಾಲ, ಗೊಬ್ಬರ, ಮಳೆಗಾಲಕ್ಕೆ ಮುನ್ನ ಬೋರ್ಡೋ ದ್ರಾವಣಕ್ಕೆ ಬೇಕಾಗುವ ಮೈಲುತುತ್ತ, ಮನೆಯ ಕಿರಾಣಿ, ಮಗಳ ಮದುವೆಗೆಂದು ಇಟ್ಟ ಠೇವಣಿ, ಕೊಯ್ಲಿನ ನಂತರ ರಾಶಿ ಅಥವಾ ಚಾಲಿ ಅಡಿಕೆಯ ಮಾರಾಟ, ಇವೆಲ್ಲವೂ ಸಹಕಾರಿ ವ್ಯವಸ್ಥೆಯೊಂದಿಗೆ ಹೆಣೆದುಕೊಂಡಿವೆ.

ಇಂತಹ ಸಂಘವು ಸೊರಗತೊಡಗಿದಾಗ ಅದರ ಲೆಕ್ಕವನ್ನು ನೋಡಲು ಲೆಕ್ಕಪರಿಶೋಧಕರಿದ್ದಾರೆ, ಕಾನೂನನ್ನು ನೋಡಲು ಇಲಾಖೆಯಿದೆ. ಆದರೆ ಲೆಕ್ಕ ಸರಿಯಿದ್ದೂ, ಕಾನೂನಿನ ಉಲ್ಲಂಘನೆ ಇಲ್ಲದೆಯೂ ಸಂಘವು ಕುಂಠಿತಗೊಳ್ಳುವುದುಂಟು. ಆಡಳಿತ ಮಂಡಳಿ ಮತ್ತು ಸಿಬ್ಬಂದಿಯ ನಡುವೆ ಮಾತು ನಿಂತಿರಬಹುದು. ಸದಸ್ಯರು ಮಹಾಸಭೆಗೆ ಬಂದು ಸಹಿ ಮಾಡಿ, ಊಟ ಮುಗಿಸಿ ಹಿಂತಿರುಗುತ್ತಿರಬಹುದು. ಈ ಬಗೆಯ ತೊಡಕುಗಳನ್ನು ಬಿಡಿಸಲು ನೆರವಾಗುವವರನ್ನು ಸಾಂಸ್ಥಿಕ ಅಭಿವೃದ್ಧಿ ಸಲಹೆಗಾರರು ಎಂದು ಕರೆಯಲಾಗುತ್ತದೆ. ಇವರ ಕೆಲಸದ ಸ್ವರೂಪ, ಮಿತಿ ಮತ್ತು ಇವರನ್ನು ನೇಮಿಸಿಕೊಳ್ಳುವಾಗ ಗಮನಿಸಬೇಕಾದ ಅಂಶಗಳನ್ನು ಸಾರ್ವಜನಿಕರ ಹಾಗೂ ಸಂಘಗಳ ಸದಸ್ಯರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಸಲಹೆಗಾರರು ಯಾರು, ಯಾರಲ್ಲ

ಸಾಂಸ್ಥಿಕ ಅಭಿವೃದ್ಧಿ ಎಂದರೆ ಒಂದು ಸಂಸ್ಥೆಯ ಜನರು ತಮ್ಮ ಸಂಸ್ಥೆ ಹೇಗೆ ನಡೆಯುತ್ತಿದೆ ಎಂಬುದನ್ನು ತಾವೇ ಕಂಡುಕೊಂಡು, ತಾವೇ ಯೋಜಿಸಿ, ತಾವೇ ಬದಲಾಯಿಸಿಕೊಳ್ಳುವ ಪ್ರಯತ್ನ. ಸಲಹೆಗಾರರು ಈ ಪ್ರಯತ್ನಕ್ಕೆ ಹೊರಗಿನಿಂದ ಒದಗುವ ಸಹಾಯಕರು ಮಾತ್ರ. ‘ಸಲಹೆಗಾರ’ ಎಂಬ ಪದವು ಇಲ್ಲಿ ಕೊಂಚ ದಾರಿ ತಪ್ಪಿಸುವಂತಹುದು. ಇವರು ಸಾಮಾನ್ಯ ಅರ್ಥದಲ್ಲಿ ಸಲಹೆ ಕೊಡುವುದು ಕಡಿಮೆ, ಪ್ರಶ್ನೆ ಕೇಳುವುದೇ ಹೆಚ್ಚು.

ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ 1959ರ ಕಲಂ 63ರಂತೆ ಲೆಕ್ಕಪರಿಶೋಧನೆ, ಕಲಂ 64ರಂತೆ ವಿಚಾರಣೆ, ಕಲಂ 69ರಂತೆ ನಷ್ಟದ ವಸೂಲಾತಿ, ಕಲಂ 70ರಂತೆ ವಿವಾದಗಳ ಇತ್ಯರ್ಥ ನಡೆಯುತ್ತವೆ. ಇವೆಲ್ಲವೂ ಶಾಸನಬದ್ಧ ಕ್ರಮಗಳು. ಸಲಹೆಗಾರರಿಗೆ ಇಂತಹ ಯಾವ ಅಧಿಕಾರವೂ ಇರುವುದಿಲ್ಲ. ಅವರು ದಾಖಲೆಗಳನ್ನು ಜಪ್ತಿ ಮಾಡಲಾರರು, ಯಾರ ಮೇಲೂ ಹೊಣೆ ಹೊರಿಸಲಾರರು, ಅವರ ವರದಿಯು ಆದೇಶವೂ ಅಲ್ಲ. ಹಣ ದುರುಪಯೋಗದ ಸಂಶಯವಿರುವಲ್ಲಿ ಸಲಹೆಗಾರರನ್ನು ಕರೆಯುವುದು ತಪ್ಪು ಬಾಗಿಲನ್ನು ತಟ್ಟಿದಂತೆ. ಅಲ್ಲಿ ಬೇಕಾಗಿರುವುದು ವಿಚಾರಣೆಯೇ ಹೊರತು ಸಂವಾದವಲ್ಲ. ಈ ಎರಡನ್ನೂ ಬೆರೆಸಿದಲ್ಲಿ ವಿಚಾರಣೆ ತಡವಾಗುತ್ತದೆ, ಸಂವಾದವೂ ಕೆಡುತ್ತದೆ.

ಸನ್ನದು ಲೆಕ್ಕಪರಿಶೋಧಕರಿಗೆ ಅಥವಾ ವಕೀಲರಿಗೆ ಇರುವಂತೆ ಭಾರತದಲ್ಲಿ ಈ ವೃತ್ತಿಗೆ ಶಾಸನಬದ್ಧ ಪರವಾನಗಿ ಇಲ್ಲ ಎಂಬುದನ್ನೂ ಸಾರ್ವಜನಿಕರು ತಿಳಿದಿರಬೇಕು. ಯಾರು ಬೇಕಾದರೂ ಈ ಹೆಸರಿನ ಫಲಕ ಹಾಕಿಕೊಳ್ಳಬಹುದು. ಆದ್ದರಿಂದ ಪರೀಕ್ಷಿಸಿ ಆರಿಸಿಕೊಳ್ಳುವ ಹೊಣೆ ಪೂರ್ಣವಾಗಿ ಸಂಘದ ಮೇಲೆಯೇ ಇರುತ್ತದೆ.

ಹಿನ್ನೆಲೆ

ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ (1890–1947) ಅವರ ಚಿಂತನೆಯಿಂದ ಈ ಕ್ಷೇತ್ರ ಬೆಳೆದುಬಂದಿದೆ. ಜನರನ್ನು ದೂರದಿಂದ ಅಧ್ಯಯನ ಮಾಡಿ ವರದಿ ಬರೆಯುವುದಕ್ಕಿಂತ, ಅವರೊಂದಿಗೆ ಕೂಡಿ ಸಮಸ್ಯೆಯನ್ನು ಅಧ್ಯಯನ ಮಾಡುತ್ತಲೇ ಅದನ್ನು ಬದಲಾಯಿಸುವುದು ಅವರ ವಿಧಾನವಾಗಿತ್ತು. ಇದಕ್ಕೆ ಕ್ರಿಯಾ ಸಂಶೋಧನೆ ಎಂಬ ಹೆಸರಿದೆ. 1969ರಲ್ಲಿ ರಿಚರ್ಡ್ ಬೆಕ್‌ಹಾರ್ಡ್ ಮತ್ತು ಎಡ್ಗರ್ ಶೈನ್ ಅವರ ಪುಸ್ತಕಗಳು ಪ್ರಕಟವಾದ ನಂತರ ಈ ವೃತ್ತಿಗೆ ಖಚಿತ ರೂಪ ದೊರೆಯಿತು.

ಭಾರತದ ಮಟ್ಟಿಗೆ ಇದಕ್ಕೂ ಮುಂಚಿನ ಮತ್ತು ಹೆಚ್ಚು ಸ್ವಾರಸ್ಯಕರವಾದ ಪ್ರಕರಣವೊಂದಿದೆ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅವರನ್ನು ಅಹಮದಾಬಾದಿನ ಕ್ಯಾಲಿಕೊ ಗಿರಣಿಗೆ ಆಹ್ವಾನಿಸಲಾಯಿತು. ಅಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳನ್ನು ಅಳವಡಿಸಲಾಗಿದ್ದರೂ ನಿರೀಕ್ಷಿಸಿದ ಉತ್ಪಾದನೆ ಬಂದಿರಲಿಲ್ಲ, ಬಟ್ಟೆಯಲ್ಲಿ ದೋಷಗಳೂ ಹೆಚ್ಚಿದ್ದವು. ಯಂತ್ರಗಳಲ್ಲಿ ತೊಂದರೆ ಇರಲಿಲ್ಲ. 224 ಮಗ್ಗಗಳ ಶೆಡ್ಡಿನಲ್ಲಿ 29 ಕೆಲಸಗಾರರನ್ನು 12 ಬಗೆಯ ಪ್ರತ್ಯೇಕ ಕೆಲಸಗಳಿಗೆ ಹಂಚಲಾಗಿತ್ತು. ಒಬ್ಬನದು ಎಳೆ ಕಟ್ಟುವ ಕೆಲಸ, ಮತ್ತೊಬ್ಬನದು ಎಣ್ಣೆ ಹಾಕುವ ಕೆಲಸ. ಇಷ್ಟು ಮಗ್ಗ ನಮ್ಮದು ಎನ್ನುವವರು ಯಾರೂ ಇರಲಿಲ್ಲ. ಒಂದು ಗುಂಪಿಗೆ ಒಂದಷ್ಟು ಮಗ್ಗಗಳ ಪೂರ್ಣ ಹೊಣೆ ವಹಿಸಬಹುದೆಂಬ ವಿಚಾರವನ್ನು ರೈಸ್ ಅವರು ಮುಂದಿಟ್ಟಾಗ, ಕೆಲಸಗಾರರೇ ಅದನ್ನು ಕೈಗೆತ್ತಿಕೊಂಡು ತಮ್ಮ ಗುಂಪುಗಳನ್ನು ತಾವೇ ರಚಿಸಿಕೊಂಡರು. ಆರಂಭದ ಏರುಪೇರಿನ ನಂತರ ಉತ್ಪಾದನೆ ಹೆಚ್ಚಿತು, ದೋಷ ತಗ್ಗಿತು. ಈ ಪ್ರಯೋಗದ ವಿವರಗಳು 1958ರಲ್ಲಿ ಪುಸ್ತಕವಾಗಿ ಹೊರಬಂದು ಪ್ರಪಂಚದಾದ್ಯಂತ ಚರ್ಚೆಗೊಳಗಾದವು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಅವರು 1970ರಲ್ಲಿ ಗಿರಣಿಗೆ ಮರಳಿ ಭೇಟಿ ನೀಡಿದಾಗ ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಬಹುಮಟ್ಟಿಗೆ ಉಳಿದಿದ್ದರೆ, ಬೇರೆಡೆ ಅದು ಕರಗಿಹೋಗಿತ್ತು. ಸಲಹೆಗಾರರ ಕೆಲಸವನ್ನು ಅವರು ಹೊರಟ ದಿನ ಅಳೆಯಬಾರದು ಎಂಬುದು ಈ ವೃತ್ತಿಯಲ್ಲಿ ಅಂದಿನಿಂದಲೂ ತಿಳಿದಿರುವ, ಆದರೆ ಅನೇಕ ವರದಿಗಳಲ್ಲಿ ಮರೆತುಹೋಗುವ ಸಂಗತಿಯಾಗಿದೆ.

1970ರ ದಶಕದಲ್ಲಿ ಉದಯ ಪಾರೀಕ್ ಮತ್ತು ಟಿ.ವಿ. ರಾವ್ ಅವರಂತಹ ವಿದ್ವಾಂಸರು ದೊಡ್ಡ ಕೈಗಾರಿಕೆಗಳಲ್ಲಿ ಈ ಕೆಲಸವನ್ನು ಭಾರತೀಯ ಸನ್ನಿವೇಶಕ್ಕೆ ಒಗ್ಗಿಸಿದರು. ಗ್ರಾಮೀಣ ಹಣಕಾಸು ಕ್ಷೇತ್ರಕ್ಕೆ ಅದು ಬಂದದ್ದು ತಡವಾಗಿ. 1982ರ ಜುಲೈ 12ರಂದು ಸ್ಥಾಪನೆಯಾದ ನಬಾರ್ಡ್, 1990ರ ದಶಕದಲ್ಲಿ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಮತ್ತು ಸಹಕಾರಿ ಬ್ಯಾಂಕುಗಳಲ್ಲಿ ಸಾಂಸ್ಥಿಕ ಅಭಿವೃದ್ಧಿ ಕಾರ್ಯಕ್ರಮಗಳನ್ನು ಕೈಗೊಂಡಿತು. ಶಾಖಾ ವ್ಯವಸ್ಥಾಪಕರಿಂದ ಗುಮಾಸ್ತರವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುವುದು ಆಗಿನ ಬ್ಯಾಂಕುಗಳಿಗೆ ಹೊಸ ಅನುಭವವಾಗಿತ್ತು.

ಸಹಕಾರಿ ಸಂಘದಲ್ಲಿ ಪಣಕ್ಕಿರುವುದು ಏನು

ಕಾರ್ಖಾನೆಯಲ್ಲಿ ಮಾಲೀಕ, ಕೆಲಸಗಾರ ಮತ್ತು ಗ್ರಾಹಕ ಬೇರೆ ಬೇರೆ. ಸಹಕಾರಿ ಸಂಘದಲ್ಲಿ ಸದಸ್ಯನೇ ಷೇರುದಾರ, ಅವನೇ ಸಾಲಗಾರ, ಅವನೇ ಠೇವಣಿದಾರ. ಕೆಲವೊಮ್ಮೆ ಅವನ ಮಗನೇ ಸಂಘದ ಗುಮಾಸ್ತ. ನಿರ್ದೇಶಕರೊಬ್ಬರು ಸುಸ್ತಿದಾರನನ್ನು ತಗಾದೆ ಮಾಡಬೇಕಾದಾಗ ಆತ ನೆರೆಮನೆಯವನೋ, ಬೀಗನೋ, ಮುಂದಿನ ಚುನಾವಣೆಯ ಮತದಾರನೋ ಆಗಿರುತ್ತಾನೆ. ಆದ್ದರಿಂದ ನಗರದ ಕಂಪನಿಗಳಿಗಾಗಿ ಸಿದ್ಧಪಡಿಸಿದ ಪಾಠಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಪ್ರತಿಯೊಬ್ಬ ಠೇವಣಿದಾರರೂ ಅರಿತಿರುವುದು ಅವಶ್ಯ. ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮವು ವಾಣಿಜ್ಯ ಬ್ಯಾಂಕುಗಳ ಹಾಗೂ ಸಹಕಾರಿ ಬ್ಯಾಂಕುಗಳ ಠೇವಣಿಗಳಿಗೆ ವಿಮಾ ರಕ್ಷಣೆ ನೀಡುತ್ತದೆ. 2020ರ ಫೆಬ್ರವರಿ 4ರಿಂದ ಇದರ ಮಿತಿಯನ್ನು ಪ್ರತಿ ಠೇವಣಿದಾರರಿಗೆ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಬ್ಯಾಂಕುಗಳಲ್ಲವಾದ್ದರಿಂದ ಅವುಗಳಲ್ಲಿರುವ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಸಂಘದಲ್ಲಿಟ್ಟ ಹಣದ ಭದ್ರತೆಯು ಸಂಘದ ಸಾಲ ವಸೂಲಾತಿ, ಮೀಸಲು ನಿಧಿ ಮತ್ತು ಆಡಳಿತದ ಗುಣಮಟ್ಟ ಇವುಗಳ ಮೇಲೆಯೇ ನಿಂತಿದೆ. ಸಂಘದ ‘ಆರೋಗ್ಯ’ ಎಂಬುದು ಹೀಗಾಗಿ ಭಾಷಣದ ಮಾತಲ್ಲ, ಮನೆಮನೆಯ ಉಳಿತಾಯದ ಪ್ರಶ್ನೆ.

ಈ ಭಾಗದ ಸಹಕಾರ ಚಳವಳಿಗೆ ದೀರ್ಘ ಇತಿಹಾಸವಿದೆ. 1904ರ ಕಾಯಿದೆಯ ಮರುವರ್ಷ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರಿ ಪತ್ತಿನ ಸಂಘ ಸ್ಥಾಪನೆಯಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ, ಶಿರಸಿಯನ್ನು ಕೇಂದ್ರವಾಗಿಸಿಕೊಂಡು 1920ರಲ್ಲಿ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, 1923ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಆರಂಭವಾದವು. ಸಾಲ ಕೊಡುವ ಸಂಘ ಮತ್ತು ಬೆಳೆ ಮಾರಿಕೊಡುವ ಸಂಘ ಒಂದಕ್ಕೊಂದು ಕೈಜೋಡಿಸಿದ್ದೇ ಇಲ್ಲಿನ ಅಡಿಕೆ ಬೆಳೆಗಾರರ ಬಲವಾಯಿತು.

ದೇಶದ ಮಟ್ಟದಲ್ಲಿ ಮಾತ್ರ ಪ್ರಾಥಮಿಕ ಸಂಘಗಳ ಸ್ಥಿತಿ ಕಳವಳಕಾರಿಯಾಗಿತ್ತು. 2004ರಲ್ಲಿ ಕೇಂದ್ರ ಸರ್ಕಾರವು ಪ್ರೊ. ಎ. ವೈದ್ಯನಾಥನ್ ಅವರ ಅಧ್ಯಕ್ಷತೆಯಲ್ಲಿ ಕಾರ್ಯಪಡೆಯನ್ನು ರಚಿಸಿತು. 2005ರ ಫೆಬ್ರವರಿಯಲ್ಲಿ ಅದರ ವರದಿ ಸಲ್ಲಿಕೆಯಾಯಿತು. ಹಣ ತುಂಬಿಕೊಡುವುದೊಂದೇ ಪರಿಹಾರವಲ್ಲ, ಅದರೊಂದಿಗೆ ಕಾನೂನು ಸುಧಾರಣೆ, ಏಕರೂಪದ ಲೆಕ್ಕಪದ್ಧತಿ, ಗಣಕೀಕರಣ ಹಾಗೂ ಕಾರ್ಯದರ್ಶಿಗಳಿಗೂ ನಿರ್ದೇಶಕರಿಗೂ ತರಬೇತಿ ನಡೆಯಬೇಕೆಂಬುದು ಅದರ ನಿಲುವಾಗಿತ್ತು. 2006ರಲ್ಲಿ ಮಂಜೂರಾದ ಪುನಶ್ಚೇತನ ಯೋಜನೆಯನ್ನು ನಬಾರ್ಡ್ ಮೂಲಕ ಜಾರಿಗೊಳಿಸಲಾಯಿತು. ನಿರ್ದೇಶಕರನ್ನೂ ತರಬೇತಿಗೆ ಕೂರಿಸಬೇಕೆಂಬ ಮಾತು ಆಗ ಕೆಲವರಿಗೆ ಇರುಸುಮುರುಸು ತಂದಿದ್ದೂ ಉಂಟು.

ಕೆಲಸ ನಡೆಯುವ ಬಗೆ

ಸಲಹೆಗಾರರ ಕೆಲಸದ ಹಂತಗಳನ್ನು ಪ್ರವೇಶ, ಮಾಹಿತಿ ಸಂಗ್ರಹ, ಹಿಮ್ಮಾಹಿತಿ, ಕ್ರಮ, ನಿರ್ಗಮನ ಎಂದು ಪುಸ್ತಕಗಳಲ್ಲಿ ವಿಂಗಡಿಸಲಾಗುತ್ತದೆ. ಒಂದು ಉದಾಹರಣೆಯ ಮೂಲಕ ಇದನ್ನು ನೋಡುವುದು ಸುಲಭ. ಇಲ್ಲಿ ವಿವರಿಸಿರುವ ಸಂಘವು ಕೇವಲ ಊಹಿಸಿದ್ದಾಗಿದ್ದು, ಯಾವುದೇ ನೈಜ ಸಂಘಕ್ಕೆ ಸಂಬಂಧಿಸಿರುವುದಿಲ್ಲ. ಇದರಲ್ಲಿರುವ ತೊಡಕುಗಳು ಮಾತ್ರ ಮಲೆನಾಡಿನ ಸದಸ್ಯರಿಗೆ ಅಪರಿಚಿತವಲ್ಲ.

ಸಂಘದ ಸುಸ್ತಿ ಸಾಲ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಸದಸ್ಯರ ಅಡಿಕೆ ಸಹಕಾರಿ ಮಾರುಕಟ್ಟೆಗೆ ಬರುವುದು ಕಡಿಮೆಯಾಗಿ, ಮನೆಯಂಗಳಕ್ಕೇ ಬಂದು ಕೊಳ್ಳುವ ಖಾಸಗಿ ವ್ಯಾಪಾರಿಗಳ ಪಾಲಾಗುತ್ತಿದೆ. ಮೂವತ್ತು ವರ್ಷ ಸೇವೆ ಸಲ್ಲಿಸಿದ ಕಾರ್ಯದರ್ಶಿಯವರು ಎರಡು ವರ್ಷಗಳಲ್ಲಿ ನಿವೃತ್ತರಾಗುವವರಿದ್ದಾರೆ. ಆಡಳಿತ ಮಂಡಳಿಯು ಸಲಹೆಗಾರರನ್ನು ಕರೆದು, ‘ನಮ್ಮ ಸಿಬ್ಬಂದಿ ಗ್ರಾಹಕರೊಂದಿಗೆ ಸರಿಯಾಗಿ ನಡೆದುಕೊಳ್ಳುತ್ತಿಲ್ಲ, ಅವರಿಗೆ ಎರಡು ದಿನ ತರಬೇತಿ ಕೊಡಿ’ ಎಂದು ಕೇಳುತ್ತದೆ.

ಅನುಭವಿ ಸಲಹೆಗಾರರು ಇದನ್ನು ತಕ್ಷಣ ಒಪ್ಪಿಕೊಳ್ಳುವುದಿಲ್ಲ. ರೋಗಿಯೇ ಔಷಧದ ಹೆಸರು ಹೇಳಿಕೊಂಡು ಬಂದಾಗ ವೈದ್ಯರು ನಾಡಿ ನೋಡದೆ ಇರಲಾರರು. ಸಂಘವು ಒಪ್ಪಿದರೆ ಅವರು ಕೆಲವು ದಿನ ಕೌಂಟರಿನ ಬಳಿ ಸುಮ್ಮನೆ ಕುಳಿತು ನೋಡುತ್ತಾರೆ. ಯಾರು ಬರುತ್ತಾರೆ, ಯಾರು ಒಳಕೋಣೆಗೆ ನೇರವಾಗಿ ಹೋಗುತ್ತಾರೆ, ಯಾರು ಬಾಗಿಲಲ್ಲೇ ನಿಲ್ಲುತ್ತಾರೆ ಎಂಬುದರಲ್ಲಿಯೇ ಸಂಘದ ಅರ್ಧ ಚಿತ್ರ ಸಿಗುತ್ತದೆ. ಬಳಿಕ ನಿರ್ದೇಶಕರು, ಸಿಬ್ಬಂದಿ, ಸಕ್ರಿಯ ಸದಸ್ಯರು, ವ್ಯವಹಾರ ನಿಲ್ಲಿಸಿದ ಸದಸ್ಯರು ಹೀಗೆ ಎಲ್ಲ ಬಗೆಯವರನ್ನೂ ಒಬ್ಬೊಬ್ಬರನ್ನಾಗಿ ಭೇಟಿಯಾಗುತ್ತಾರೆ. ವ್ಯವಹಾರ ನಿಲ್ಲಿಸಿದವರ ಮನೆಗೆ ಹೋಗುವುದು ಈ ಹಂತದ ಅತ್ಯಂತ ಮುಖ್ಯವಾದ ಮತ್ತು ಸಾಮಾನ್ಯವಾಗಿ ಕೈಬಿಟ್ಟುಹೋಗುವ ಭಾಗವಾಗಿದೆ. ಕೊಯ್ಲು ಮತ್ತು ಬೇಯಿಸುವ ದಿನಗಳಲ್ಲಿ ಈ ಭೇಟಿಗಳನ್ನು ಇಟ್ಟುಕೊಂಡರೆ ಯಾರೂ ಸಿಗುವುದಿಲ್ಲ. ಹಗಲೆಲ್ಲ ತೋಟ, ರಾತ್ರಿ ಅಡಿಕೆ ಸುಲಿಯುವ ಕೆಲಸ. ಹೊರಗಿನಿಂದ ಬಂದವರು ಇದನ್ನು ತಿಳಿಯದೆ ವೇಳಾಪಟ್ಟಿ ಹಾಕುವುದುಂಟು.

ಹೀಗೆ ಹುಡುಕಿದಾಗ ದೊರೆಯುವ ಚಿತ್ರ ಬೇರೆಯೇ ಆಗಿರುತ್ತದೆ. ಊಹಿಸಿದ ಈ ಸಂಘದಲ್ಲಿ, ಸುಸ್ತಿಯಿರುವ ಸದಸ್ಯನು ಅಡಿಕೆಯನ್ನು ಸಹಕಾರಿ ಸಂಸ್ಥೆಯ ಮೂಲಕ ಮಾರಿದರೆ ಮೊದಲ ಹುಟ್ಟುವಳಿಯಿಂದಲೇ ಬಾಕಿಯನ್ನೆಲ್ಲ ಒಮ್ಮೆಗೇ ಮುರಿದುಕೊಳ್ಳುವ ರೂಢಿಯಿದೆ. ಕೂಲಿ ಕೊಡಲು, ಮಕ್ಕಳ ಶುಲ್ಕ ತುಂಬಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೀಗಾಗಿ ಬಾಕಿಯಿರುವವನು ಬೆಳೆಯನ್ನು ಹೊರಗೆ ಮಾರುತ್ತಾನೆ. ಹೊರಗೆ ಮಾರಿದ್ದರಿಂದ ಬಾಕಿ ಇನ್ನೂ ಬೆಳೆಯುತ್ತದೆ. ಬಾಕಿ ಬೆಳೆದಂತೆ ಸಂಘದ ಕಡೆ ಮುಖ ಹಾಕುವುದನ್ನೇ ಬಿಡುತ್ತಾನೆ. ವಸೂಲಾತಿಗೆಂದು ಮಾಡಿದ ಬಿಗಿಯೇ ವಸೂಲಾತಿಯನ್ನು ಕೆಡಿಸಿದೆ. ಕೌಂಟರಿನ ಗುಮಾಸ್ತನಿಗೆ ನಗುಮುಖದ ತರಬೇತಿ ಕೊಟ್ಟಿದ್ದರೆ ಇದರಲ್ಲಿ ಎಳ್ಳಷ್ಟೂ ಬದಲಾವಣೆ ಆಗುತ್ತಿರಲಿಲ್ಲ.

ಎರಡನೆಯ ಸಂಗತಿ ಸುಸ್ತಿ ಪಟ್ಟಿಯೊಳಗೇ ಅಡಗಿದೆ. ಪಟ್ಟಿಯಲ್ಲಿರುವ ಕೆಲವರು ತೀರಿಹೋಗಿದ್ದಾರೆ. ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ, ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರಲ್ಲಿ ಒಬ್ಬರು ಊರಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ತೋಟ ನೋಡಿಕೊಳ್ಳುತ್ತಿರುವ ಮಗ ಸಂಘದ ಸದಸ್ಯನೇ ಅಲ್ಲ. ತಂದೆಯ ಸಾಲ ತೀರಿಸದೆ ಹೊಸ ಸಾಲ ದೊರೆಯದು, ಖಾತೆ ಬದಲಾಗದೆ ಸದಸ್ಯತ್ವಕ್ಕೆ ದಾರಿ ಸುಗಮವಾಗದು. ಇದಲ್ಲದೆ ಅಡಿಕೆ ಸುಲಿಯುವುದು, ಒಣಗಿಸುವುದು, ಆರಿಸುವುದು ಬಹುಮಟ್ಟಿಗೆ ಮನೆಯ ಹೆಂಗಸರ ಕೈಯಲ್ಲಿದ್ದರೂ ಪಹಣಿಯಲ್ಲಿ ಹೆಸರಿಲ್ಲದ ಕಾರಣ ಸದಸ್ಯರ ಯಾದಿಯಲ್ಲಿ ಅವರು ವಿರಳ. ದರ ಯಾವಾಗ ಏರುತ್ತದೆ, ಯಾವಾಗ ಮಾರಬೇಕು ಎಂಬ ನಿರ್ಧಾರದಲ್ಲಿ ಅವರ ಮಾತೇ ನಡೆಯುತ್ತದೆಂಬುದು ಮಹಾಸಭೆಯ ನಡವಳಿಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ.

ಮೂರನೆಯದು ಕಾರ್ಯದರ್ಶಿಯವರ ಕುರಿತಾದದ್ದು. ಯಾವ ಕುಟುಂಬ ಯಾವ ತಿಂಗಳು ಹಣ ಕಟ್ಟಬಲ್ಲದು, ಯಾವ ಜಮೀನಿನ ಗಡಿಯಲ್ಲಿ ತಕರಾರಿದೆ, ಯಾರಿಗೆ ಯಾರು ಜಾಮೀನು ನಿಂತರೆ ಉಳಿದೀತು ಎಂಬುದೆಲ್ಲ ಅವರ ತಲೆಯಲ್ಲಿದೆ, ಕಡತದಲ್ಲಿಲ್ಲ. ಇದು ಅವರ ತಪ್ಪಲ್ಲ. ಸಂಘವು ಅವರನ್ನು ಹಾಗೆ ನೆಚ್ಚಿಕೊಂಡಿದೆ. ಅವರು ಹೋದ ದಿನ ಸಂಘದ ಅರ್ಧ ನೆನಪು ಹೋಗುತ್ತದೆ.

ಈ ಮೂರೂ ಸಂಗತಿಗಳನ್ನು ಸಲಹೆಗಾರರು ಯಾರ ಹೆಸರನ್ನೂ ಎತ್ತದೆ ಆಡಳಿತ ಮಂಡಳಿ ಮತ್ತು ಸಿಬ್ಬಂದಿ ಒಟ್ಟಿಗಿರುವ ಸಭೆಯಲ್ಲಿ ಮುಂದಿಡುತ್ತಾರೆ. ಇದೇ ಹಿಮ್ಮಾಹಿತಿ ಸಭೆ. ಕೆಲಸದ ಅತಿ ಕಠಿಣ ಗಳಿಗೆಯೂ ಇದೇ. ಮೊದಲು ಮೌನ ಆವರಿಸುತ್ತದೆ. ಬಳಿಕ ಯಾರಾದರೊಬ್ಬರು ‘ಇದನ್ನು ನಿಮಗೆ ಯಾರು ಹೇಳಿದರು’ ಎಂದು ಕೇಳುತ್ತಾರೆ. ಸಲಹೆಗಾರರು ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಅಲ್ಲಿಗೆ ಅವರ ಕೆಲಸ ಮುಗಿದಂತೆ. ಮತ್ತೆ ಯಾರೂ ಅವರಲ್ಲಿ ಬಾಯಿ ಬಿಡುವುದಿಲ್ಲ. ಹೇಳಿದವರಾರು ಎಂಬುದನ್ನು ಬದಿಗಿಟ್ಟು ಹೇಳಿದ್ದು ನಿಜವೇ ಎಂಬುದರತ್ತ ಸಭೆಯನ್ನು ತಿರುಗಿಸುವುದೇ ಅವರ ಕೌಶಲ.

ನಂತರದ ತೀರ್ಮಾನಗಳು ಸಂಘದವು. ಸಾಲದ ನಿಯಮಗಳು ಮತ್ತು ಉಪವಿಧಿಗಳು ಅವಕಾಶ ನೀಡುವ ಮಟ್ಟಿಗೆ ಬಾಕಿಯನ್ನು ಹಂಗಾಮಿನುದ್ದಕ್ಕೂ ಕಂತುಗಳಾಗಿ ಹುಟ್ಟುವಳಿಯಿಂದ ಮುರಿದುಕೊಳ್ಳಬಹುದು. ತೀರಿಹೋದ ಸದಸ್ಯರ ಪಟ್ಟಿಯನ್ನು ಬೇರೆ ಮಾಡಿ, ಕಂದಾಯ ಇಲಾಖೆಯ ಸಹಾಯದಿಂದ ಪೌತಿ ಖಾತೆ ಮಾಡಿಸಿಕೊಳ್ಳಲು ವಾರಸುದಾರರಿಗೆ ನೆರವಾಗಬಹುದು. ಕಾರ್ಯದರ್ಶಿಯವರೊಂದಿಗೆ ಕಿರಿಯ ಸಿಬ್ಬಂದಿಯೊಬ್ಬರನ್ನು ಒಂದು ಪೂರ್ಣ ಹಂಗಾಮು ಜೊತೆಗಿರಿಸಬಹುದು. ಯಾರು, ಯಾವಾಗ ಮಾಡಬೇಕೆಂಬುದನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಲಾಗುತ್ತದೆ. ಆರು ತಿಂಗಳ ಮತ್ತು ಒಂದು ವರ್ಷದ ನಂತರ ಸಲಹೆಗಾರರು ಮರಳಿ ಬಂದು ನೋಡುವುದು ಒಪ್ಪಂದದ ಭಾಗವಾಗಿರಬೇಕು. ಅಹಮದಾಬಾದಿನ ಅನುಭವವನ್ನು ಇಲ್ಲಿ ನೆನೆಯಬಹುದು.

ಪ್ರವೇಶದ ಕಾಲದ ಬಗ್ಗೆ ಒಂದು ಮಾತು. ಆಡಳಿತ ಮಂಡಳಿಯ ಚುನಾವಣೆ ಹತ್ತಿರವಿರುವಾಗ ಈ ಕೆಲಸ ಆರಂಭಿಸುವುದು ಸೂಕ್ತವಲ್ಲ. ಸಲಹೆಗಾರರ ಪ್ರತಿಯೊಂದು ಮಾತೂ ಒಂದು ಬಣದ ಪರವಾಗಿಯೋ ವಿರುದ್ಧವಾಗಿಯೋ ಕೇಳಿಸುತ್ತದೆ, ಅವರ ವರದಿ ಕರಪತ್ರವಾಗಿ ಬಿಡುತ್ತದೆ.

ಗ್ರಾಮ ಅರಣ್ಯ ಸಮಿತಿಗಳ ಅನುಭವ

ಸಹಕಾರಿ ಕ್ಷೇತ್ರದ ಹೊರಗೂ ಈ ಜಿಲ್ಲೆಗೆ ಇಂತಹ ಕೆಲಸದ ಪರಿಚಯವಿದೆ. 1990ರ ದಶಕದಲ್ಲಿ ಬ್ರಿಟನ್ ಸರ್ಕಾರದ ನೆರವಿನಿಂದ ಉತ್ತರ ಕನ್ನಡದಲ್ಲಿ ಪಶ್ಚಿಮ ಘಟ್ಟ ಅರಣ್ಯ ಮತ್ತು ಪರಿಸರ ಯೋಜನೆ ಜಾರಿಯಲ್ಲಿತ್ತು. 1993ರ ಏಪ್ರಿಲ್ ತಿಂಗಳ ಸರ್ಕಾರಿ ಆದೇಶದಂತೆ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಗಾಗಿ ಗ್ರಾಮ ಅರಣ್ಯ ಸಮಿತಿಗಳನ್ನು ರಚಿಸಲಾಯಿತು. ಗಿಡ ನೆಡುವುದಷ್ಟೇ ಅಲ್ಲದೆ, ಇಲಾಖೆಯ ಸಿಬ್ಬಂದಿ ಜನರೊಂದಿಗೆ ಕೆಲಸ ಮಾಡುವ ರೀತಿಯನ್ನೇ ಬದಲಾಯಿಸುವುದು ಯೋಜನೆಯ ಉದ್ದೇಶಗಳಲ್ಲೊಂದಾಗಿತ್ತು.

ಸಮಿತಿಯ ಅಧ್ಯಕ್ಷರು ಗ್ರಾಮಸ್ಥರು, ಸದಸ್ಯ ಕಾರ್ಯದರ್ಶಿ ಅರಣ್ಯ ಇಲಾಖೆಯ ಸಿಬ್ಬಂದಿ. ಪುಸ್ತಕ ಯಾರ ಬಳಿಯಲ್ಲಿರುತ್ತದೆಯೋ ಅಧಿಕಾರವೂ ಅವರ ಬಳಿಯಲ್ಲಿರುತ್ತದೆ ಎಂಬ ಹಳೆಯ ಸತ್ಯ ಅಲ್ಲಿಯೂ ಎದುರಾಯಿತು. ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನ ಬೆಟ್ಟದ ಹಕ್ಕುಳ್ಳ ಕುಟುಂಬಗಳು ಮತ್ತು ಅಂತಹ ಹಕ್ಕಿಲ್ಲದ ಕೂಲಿಕಾರ ಕುಟುಂಬಗಳು ಒಂದೇ ಸಮಿತಿಯಲ್ಲಿದ್ದರೂ ಕಾಡಿನಿಂದ ಅವರು ಬಯಸಿದ್ದು ಒಂದೇ ಆಗಿರಲಿಲ್ಲ. ಸಮಿತಿ ರಚಿಸುವುದು ಆದೇಶದಿಂದ ಸಾಧ್ಯ. ಸಮಿತಿಯೊಳಗಿನ ಮಾತುಕತೆಯನ್ನು ಸಮಾನವಾಗಿಸಲು ಬೇರೆಯೇ ಬಗೆಯ, ನಿಧಾನವಾದ ಕೆಲಸ ಬೇಕಾಗುತ್ತದೆ.

ಕರ್ನಾಟಕದಲ್ಲಿಯೇ ಮೈರಾಡ ಸಂಸ್ಥೆಯು ಸ್ವಸಹಾಯ ಗುಂಪುಗಳೊಂದಿಗೆ ಈ ನಿಧಾನದ ಕೆಲಸವನ್ನು 1980ರ ದಶಕದಿಂದ ನಡೆಸಿಕೊಂಡು ಬಂದಿತು. ಗುಂಪಿಗೆ ಸಾಲ ಕೊಡುವ ಮೊದಲು ಸಭೆ ನಡೆಸುವುದು, ನಡವಳಿ ಬರೆಯುವುದು, ಜಗಳ ಬಗೆಹರಿಸಿಕೊಳ್ಳುವುದು ಇವುಗಳನ್ನು ಅಭ್ಯಾಸ ಮಾಡಿಸಬೇಕೆಂಬುದು ಅದರ ಪದ್ಧತಿ. 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಗುಂಪು–ಬ್ಯಾಂಕ್ ಜೋಡಣೆಗೆ ಈ ಅನುಭವವೂ ಆಧಾರವಾಯಿತು.

ಒಪ್ಪಂದ, ಶುಲ್ಕ ಮತ್ತು ಗೋಪ್ಯತೆ

ಸಲಹೆಗಾರರನ್ನು ನೇಮಿಸಿಕೊಳ್ಳುವ ಸಂಘವು ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯವನ್ನು ಮಂಡಿಸಿ ಠರಾವು ಮಾಡಿಕೊಳ್ಳುವುದು ಕ್ರಮ. ಖರ್ಚು ಸಂಘದ ಆಯವ್ಯಯದ ಮಿತಿಯಲ್ಲಿರಬೇಕು ಮತ್ತು ಮಹಾಸಭೆಗೆ ತಿಳಿದಿರಬೇಕು. ಶುಲ್ಕವನ್ನು ದಿನಗಳ ಲೆಕ್ಕದಲ್ಲಿ ನಿಗದಿಪಡಿಸುವುದು ರೂಢಿ. ವಸೂಲಾದ ಸಾಲದ ಮೇಲೆ ಶೇಕಡಾವಾರು ಶುಲ್ಕ ಕೇಳುವವರು ವಸೂಲಿಗಾರರೇ ಹೊರತು ಸಾಂಸ್ಥಿಕ ಅಭಿವೃದ್ಧಿ ಸಲಹೆಗಾರರಲ್ಲ.

ಮಾತುಕತೆಯಲ್ಲಿ ದೊರೆತ ಮಾಹಿತಿಯನ್ನು ಯಾರು ನೋಡಬಹುದು, ಟಿಪ್ಪಣಿ ಪುಸ್ತಕಗಳು ಕೊನೆಗೆ ಯಾರ ಬಳಿ ಉಳಿಯುತ್ತವೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ನಮೂದಿಸಿಕೊಳ್ಳುವುದು ಅವಶ್ಯ. ಸಣ್ಣ ಊರಿನಲ್ಲಿ ಹೆಸರು ಬರೆಯದಿದ್ದರೂ ‘ಸೇತುವೆಯಾಚೆಯ ಮೂರು ಎಕರೆ ತೋಟದ ಸದಸ್ಯರು’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಗೋಪ್ಯತೆಗೆ ಒಂದು ಮಿತಿಯೂ ಇದೆ. ಹಣ ದುರುಪಯೋಗದ ಸ್ಪಷ್ಟ ಸುಳಿವು ದೊರೆತರೆ ಏನು ಮಾಡಲಾಗುವುದೆಂಬುದನ್ನು ಸಲಹೆಗಾರರು ಮೊದಲ ದಿನವೇ ಎಲ್ಲರಿಗೂ ತಿಳಿಸಿರಬೇಕು. ನಡುವೆ ತಿಳಿಸಿದರೆ ಅದು ನಂಬಿಕೆದ್ರೋಹವೆನಿಸುತ್ತದೆ.

ಆರಿಸಿಕೊಳ್ಳುವ ಮೊದಲು ಹಿಂದೆ ಕೆಲಸ ಮಾಡಿದ ಸಂಘಗಳ ಹೆಸರು ಕೇಳಿ, ಅಲ್ಲಿನ ಅಧ್ಯಕ್ಷರನ್ನಲ್ಲದೆ ಗುಮಾಸ್ತರನ್ನೂ ವಿಚಾರಿಸುವುದು ಒಳ್ಳೆಯದು. ಸಲಹೆಗಾರರು ಹೋದ ಮೇಲೆ ಏನು ಉಳಿಯಿತೆಂಬುದು ಗುಮಾಸ್ತರಿಗೇ ಚೆನ್ನಾಗಿ ತಿಳಿದಿರುತ್ತದೆ. ಈ ಭಾಗದಲ್ಲಿ ಕೆಲಸ ಮಾಡುವವರಿಗೆ ಕನ್ನಡದಲ್ಲಿ ವರದಿ ಬರೆಯಲು ಬರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಇಂಗ್ಲಿಷಿನಲ್ಲಿ ಸಲ್ಲಿಕೆಯಾಗಿ ಕಪಾಟು ಸೇರುವ ವರದಿಗಳು ಅಪರೂಪವಲ್ಲ.

ಇತ್ತೀಚಿನ ಯೋಜನೆಗಳು

2020ರ ಫೆಬ್ರವರಿಯಲ್ಲಿ ಚಾಲನೆ ಪಡೆದ 10,000 ರೈತ ಉತ್ಪಾದಕ ಸಂಸ್ಥೆಗಳ ರಚನೆಯ ಕೇಂದ್ರ ಯೋಜನೆಯಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಸ್ಥಾನ ನೀಡಲಾಯಿತು. ಪ್ರತಿ ಉತ್ಪಾದಕ ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗಿನ ನಿರ್ವಹಣಾ ನೆರವಿನ ಜೊತೆಗೆ, ಅದನ್ನು ಕಟ್ಟಿ ಬೆಳೆಸುವ ಕ್ಲಸ್ಟರ್ ಆಧಾರಿತ ವ್ಯವಹಾರ ಸಂಸ್ಥೆಗಳಿಗೆ ಐದು ವರ್ಷಗಳಲ್ಲಿ 25 ಲಕ್ಷ ರೂಪಾಯಿವರೆಗೆ ನೀಡಲು ಅವಕಾಶ ಕಲ್ಪಿಸಲಾಯಿತು. 2021ರ ಜುಲೈನಲ್ಲಿ ಕೇಂದ್ರದಲ್ಲಿ ಪ್ರತ್ಯೇಕ ಸಹಕಾರ ಸಚಿವಾಲಯ ರಚನೆಯಾಯಿತು. 2022ರ ಜೂನ್ 29ರಂದು 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಗಣಕಯಂತ್ರ ಬಂದೊಡನೆ ಮೇಲೆ ವಿವರಿಸಿದ ಕಾರ್ಯದರ್ಶಿಯವರ ನೆನಪು ತಾನಾಗಿಯೇ ಅದರೊಳಗೆ ಇಳಿಯುವುದಿಲ್ಲ. ತೀರಿಹೋದ ಸದಸ್ಯರ ಹೆಸರಿನ ಸಾಲವನ್ನು ಗಣಕಯಂತ್ರವೂ ಸುಸ್ತಿ ಎಂದೇ ತೋರಿಸುತ್ತದೆ, ಅಷ್ಟೇ ಅಲ್ಲ, ಪ್ರತಿದಿನ ತೋರಿಸುತ್ತದೆ. ಹಳೆಯ ಲೆಜರಿನಿಂದ ಹೊಸ ತಂತ್ರಾಂಶಕ್ಕೆ ಮಾಹಿತಿ ವರ್ಗಾಯಿಸುವ ಸಮಯವು ಸದಸ್ಯರ ಯಾದಿ, ನಾಮನಿರ್ದೇಶನ ಮತ್ತು ಜಾಮೀನುಗಳನ್ನು ಒಂದೊಂದಾಗಿ ಸರಿಪಡಿಸಿಕೊಳ್ಳಲು ಉತ್ತಮ ಅವಕಾಶವಾಗಿದ್ದು, ಸಲಹೆಗಾರರ ನೆರವು ಪಡೆಯುವ ಸಂಘಗಳು ಈ ಹಂತದಲ್ಲಿಯೇ ಪಡೆಯುವುದು ಹೆಚ್ಚು ಪ್ರಯೋಜನಕಾರಿ.

ಖಾಸಗಿ ಸಲಹೆಗಾರರನ್ನು ಹುಡುಕುವ ಮೊದಲು ಇರುವ ವ್ಯವಸ್ಥೆಯನ್ನು ವಿಚಾರಿಸುವುದು ಸೂಕ್ತ. ನಬಾರ್ಡ್ ಪ್ರವರ್ತಿತ ಗ್ರಾಮೀಣಾಭಿವೃದ್ಧಿ ಬ್ಯಾಂಕರುಗಳ ಸಂಸ್ಥೆಯು ಮಂಗಳೂರಿನಲ್ಲಿ ಕೇಂದ್ರವನ್ನು ಹೊಂದಿದ್ದು, ಸಹಕಾರಿ ಸಂಸ್ಥೆಗಳ ಸಿಬ್ಬಂದಿ ಮತ್ತು ನಿರ್ದೇಶಕರಿಗೆ ತರಬೇತಿ ನೀಡುತ್ತದೆ. ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳ ಮತ್ತು ಜಿಲ್ಲಾ ಸಹಕಾರ ಯೂನಿಯನ್ನುಗಳು ಶಿಕ್ಷಣ ಕಾರ್ಯಕ್ರಮಗಳನ್ನು ನಡೆಸುತ್ತವೆ. ಸಂಘಗಳು ತಮ್ಮ ಉಪವಿಧಿ ತಿದ್ದುಪಡಿ, ಸಾಲ ನಿಯಮಗಳ ಬದಲಾವಣೆ ಮುಂತಾದ ವಿಷಯಗಳಲ್ಲಿ ಸಲಹೆಗಾರರ ಸೂಚನೆಯನ್ನು ಜಾರಿಗೆ ತರುವ ಮೊದಲು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯನ್ನು ಹಾಗೂ ಸಾಲ ಒದಗಿಸುವ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನು ಸಂಪರ್ಕಿಸತಕ್ಕದ್ದು. ಉಪವಿಧಿಯ ತಿದ್ದುಪಡಿಯು ನೋಂದಣಿಯಾದ ನಂತರವೇ ಊರ್ಜಿತವಾಗುತ್ತದೆ.